ಬೀಜದುಂಡೆಯೋ, ನೇರ ಬಿತ್ತನೆಯೋ? ಕಾಡುಹೂಗಳ ತೋಟಕ್ಕೆ ಆಯ್ಕೆ ಮಾಡುವ ಬಗೆ

ಬೀಜದುಂಡೆಗೆ, ಅಂದರೆ ಜೇಡಿಮಣ್ಣು, ಗೊಬ್ಬರದೊಳಗೆ ಬೀಜ ಸೇರಿಸಿ ಕಟ್ಟುವ ಪುಟ್ಟ ಉಂಡೆಗೆ, ಮಣ್ಣು ಕಲಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನೀವು ಹೂ ಬೆಳೆಸಬೇಕೆಂದಿರುವ ಜಾಗದಲ್ಲಿ ಬರಿ ಬೀಜ ಚೆಲ್ಲಿದರೆ ಅದಕ್ಕೆ ಏನಾಗುತ್ತದೆ? ಇರುವೆ ಹೊತ್ತೊಯ್ಯುತ್ತದೆಯೇ, ಹಕ್ಕಿ ಹೆಕ್ಕಿಬಿಡುತ್ತದೆಯೇ, ಗಾಳಿಗೆ ಹಾರಿಹೋಗುತ್ತದೆಯೇ, ಮೊದಲ ಜೋರು ಮಳೆಗೆ ಇಳಿಜಾರಿನಲ್ಲಿ ಕೊಚ್ಚಿಹೋಗುತ್ತದೆಯೇ? ಮಳೆ ಯಾವಾಗ ಬರುತ್ತದೋ ಗೊತ್ತಿಲ್ಲದೆ ವಾರಗಟ್ಟಲೆ ಬಿಸಿಲಲ್ಲಿ ಕಾದಿರಬೇಕೇ? ಇವುಗಳಲ್ಲಿ ಒಂದಕ್ಕಾದರೂ ಉತ್ತರ ಹೌದು ಎಂದಿದ್ದರೆ ಉಂಡೆ ಕಟ್ಟುವ ಶ್ರಮ ಸಾರ್ಥಕ. ಯಾವುದೂ ಇಲ್ಲ, ನೆಲ ಸಮತಟ್ಟಾಗಿದೆ, ನೀರು ಕೈಗೆಟುಕುತ್ತದೆ, ದಿನವೂ ಕಣ್ಣಿಗೆ ಬೀಳುವ ಪಾತಿ ಎಂದಾದರೆ ಬೀಜವನ್ನು ನೇರ ಬಿತ್ತುವುದೇ ಲೇಸು. ಕೆಲಸವೂ ಕಡಿಮೆ, ಮೊಳಕೆಯೂ ಹೆಚ್ಚು.

ಈ ಮಾತನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಬೀಜದುಂಡೆಯನ್ನು ಎಲ್ಲಿ ಎಸೆದರೂ ಹೂವಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಉಂಡೆಯಾದ ಮಾತ್ರಕ್ಕೆ ಬೀಜಕ್ಕೆ ಹೊಸ ಶಕ್ತಿಯೇನೂ ಬರುವುದಿಲ್ಲ. ಅದು ಬೀಜವನ್ನು ಬಚ್ಚಿಡುತ್ತದೆ, ಭಾರ ಕೊಟ್ಟು ನೆಲದಲ್ಲಿ ನಿಲ್ಲಿಸುತ್ತದೆ, ಸಾಕಷ್ಟು ನೆನೆಯುವವರೆಗೆ ಕಾಯಿಸುತ್ತದೆ. ಅಷ್ಟೇ ಅದರ ಕೆಲಸ. ಆ ಕೆಲಸ ನಿಮ್ಮ ಜಾಗಕ್ಕೆ ಬೇಕೇ ಎಂಬುದರ ಮೇಲೆ ಮುಂದಿನ ಎಲ್ಲ ಆಯ್ಕೆಗಳೂ ನಿಂತಿವೆ.

ಈ ವಿಧಾನವನ್ನು ನಮ್ಮ ಕಾಲಕ್ಕೆ ಪರಿಚಯಿಸಿದ ಜಪಾನಿನ ಮಸನೊಬು ಫುಕುವೋಕಾ (1913–2008) ಅವರ ಅಗತ್ಯವೂ ಇದೇ ಆಗಿತ್ತು. ಶಿಕೋಕು ದ್ವೀಪದ ತಮ್ಮ ಹೊಲದಲ್ಲಿ ಅವರು ಉಳುಮೆ ಮಾಡದೆ ಭತ್ತ ಬಿತ್ತುತ್ತಿದ್ದರು. ಉಳದ ನೆಲದ ಮೇಲೆ ಬಿದ್ದ ಕಾಳು ಹಕ್ಕಿಗೂ ಇಲಿಗೂ ಸುಲಭದ ತುತ್ತು. ಅದಕ್ಕಾಗಿ ಜೇಡಿಮಣ್ಣಿನ ಕವಚ. 1973ರಲ್ಲಿ ನ್ಯೂಯಾರ್ಕಿನಲ್ಲಿ ಲಿಜ್ ಕ್ರಿಸ್ಟಿ ಮತ್ತು ಅವರ ಗೆಳೆಯರು ‘ಗ್ರೀನ್ ಗೆರಿಲ್ಲಾಸ್’ ಹೆಸರಿನಲ್ಲಿ ಪಾಳುಬಿದ್ದ ನಿವೇಶನಗಳಿಗೆ ಬೀಜ ಎಸೆದಾಗ ಅವರ ತೊಡಕು ಬೇರೆಯೇ ಆಗಿತ್ತು: ಜಾಗ ಬೇಲಿಯ ಆಚೆಗಿತ್ತು, ಒಳಗೆ ಹೋಗಲಾಗುತ್ತಿರಲಿಲ್ಲ. ಒಬ್ಬರಿಗೆ ರಕ್ಷಣೆ ಬೇಕಿತ್ತು, ಇನ್ನೊಬ್ಬರಿಗೆ ದೂರ ತಲುಪಿಸುವ ದಾರಿ ಬೇಕಿತ್ತು. ನಿಮ್ಮದು ಯಾವುದು ಎಂದು ಗೊತ್ತಾದರೆ ಅರ್ಧ ತೀರ್ಮಾನ ಆದಂತೆ.

ಮೂರು ದಾರಿ: ನೇರ ಬಿತ್ತನೆ, ಉಂಡೆ, ಸಸಿ

ನೇರ ಬಿತ್ತನೆಯಲ್ಲಿ ನೆಲದ ಮೇಲ್ಪದರವನ್ನು ಕೆರೆದು ಕಳೆ ತೆಗೆದು, ಬೀಜವನ್ನು ಅದರ ನಾಲ್ಕೈದು ಪಟ್ಟು ಒಣ ಮರಳಿನೊಂದಿಗೆ ಬೆರೆಸಿ ಚೆಲ್ಲಿ, ಕಾಲಿನಿಂದಲೋ ಹಲಗೆಯಿಂದಲೋ ಒತ್ತುತ್ತೇವೆ. ಕಾಡುಹೂಗಳ ಮಿಶ್ರಬೀಜಕ್ಕೆ ಚದರ ಮೀಟರಿಗೆ 3ರಿಂದ 5 ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ಮರಳು ಬೆರೆಸುವುದರಿಂದ ಎಲ್ಲಿ ಬಿತ್ತಿದ್ದೇವೆ ಎಂಬುದು ಕಣ್ಣಿಗೆ ಕಾಣುತ್ತದೆ, ಬೀಜವೂ ಒಂದೇ ಕಡೆ ಗುಡ್ಡೆ ಬೀಳುವುದಿಲ್ಲ. ಪ್ರತಿ ಬೀಜಕ್ಕೂ ಮಣ್ಣು ನೇರವಾಗಿ ತಾಗುತ್ತದೆ, ಸಸಿಗಳ ನಡುವೆ ಅಂತರವೂ ಸಿಗುತ್ತದೆ. ಇದರ ದೌರ್ಬಲ್ಯ ಮೊದಲ ಎರಡು ವಾರಗಳಲ್ಲಿದೆ. ಆ ಅವಧಿಯಲ್ಲಿ ತೇವ ತಪ್ಪಬಾರದು, ತಿನ್ನುವ ಪ್ರಾಣಿಗಳ ಮೇಲೆ ಕಣ್ಣಿರಬೇಕು.

ಬೀಜದುಂಡೆ ಆ ಎರಡು ವಾರಗಳ ಕಾವಲನ್ನು ತಾನೇ ವಹಿಸಿಕೊಳ್ಳುತ್ತದೆ. ಬದಲಿಗೆ ನಾವು ಕಳೆದುಕೊಳ್ಳುವುದೂ ಉಂಟು. ಒಂದೇ ಉಂಡೆಯ ಸಸಿಗಳು ಒಂದೇ ಬಿಂದುವಿನಲ್ಲಿ ಎದ್ದು ಬೆಳಕಿಗೂ ನೀರಿಗೂ ಪರಸ್ಪರ ಕಾದಾಡುತ್ತವೆ. ಕೆಲವು ಜಾತಿಯ ಬೀಜಗಳು ಉಂಡೆಯ ಒಳಗೆ ಮೊಳೆಯುವುದೇ ಇಲ್ಲ. ಉಂಡೆಯ ತೋಟದಲ್ಲಿ ಹೂಗಳು ಹಾಸಿನಂತೆ ಹರಡುವುದಕ್ಕಿಂತ ಅಲ್ಲಲ್ಲಿ ಗುಂಪುಗುಂಪಾಗಿ ಬರುತ್ತವೆ. ಅದೇ ನೋಟ ಬೇಕೆನ್ನುವವರಿಗೆ ಇದು ಕೊರತೆಯಲ್ಲ.

ಟ್ರೇಯಲ್ಲಿ ಸಸಿ ಎಬ್ಬಿಸಿ ನೆಡುವುದು ಮೂರನೆಯ ದಾರಿ. ಬೀಜ ಸಿಕ್ಕುವುದೇ ಕಷ್ಟ ಎನ್ನುವಂಥ ಜಾತಿಗೆ, ಹಲವು ವರ್ಷ ಬದುಕುವ ಬಹುವಾರ್ಷಿಕಗಳಿಗೆ, ಈಗಾಗಲೇ ಹುಲ್ಲು ದಟ್ಟವಾಗಿ ಹಬ್ಬಿರುವ ಜಾಗಕ್ಕೆ ಇದೇ ಸರಿ. ಹತ್ತೇ ಹತ್ತು ಬೀಜ ಕೈಯಲ್ಲಿದ್ದರೆ ಅವನ್ನು ಉಂಡೆಗೆ ಹಾಕಿ ಎಸೆಯುವುದು ನನ್ನ ಮಟ್ಟಿಗೆ ದುಂದು.

ಹುಲ್ಲಿನ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಬಹುಪಾಲು ಉಂಡೆಗಳು ಸೋಲುವುದು ಅಲ್ಲಿಯೇ. ದಟ್ಟ ಹುಲ್ಲಿನ ಮೇಲೆ ಬಿದ್ದ ಉಂಡೆ ನೆಲವನ್ನು ಮುಟ್ಟುವುದೇ ಇಲ್ಲ, ಒಣಗಿದ ಎಲೆಗಳ ಪದರದ ಮೇಲೆ ಕೂತಿರುತ್ತದೆ. ಮೊಳೆತರೂ ಬೇರಿಗೆ ಮಣ್ಣು ಸಿಗದು. ಮಣ್ಣು ಸಿಕ್ಕರೂ ಸುತ್ತಲಿನ ಹುಲ್ಲಿನ ಬೇರು ಅದಕ್ಕಿಂತ ಮೊದಲೇ ನೀರು ಹೀರಿರುತ್ತದೆ. ಮಣ್ಣು ಫಲವತ್ತಾದಷ್ಟೂ ಹುಲ್ಲಿಗೇ ಮೇಲುಗೈ. ಕಾಡುಹೂಗಳಲ್ಲಿ ಹೆಚ್ಚಿನವು ಬಡ ಮಣ್ಣಿನಲ್ಲಿ ಚೆನ್ನಾಗಿ ನಿಲ್ಲುವುದಕ್ಕೆ ಕಾರಣವೂ ಇದೇ, ಅಲ್ಲಿ ಅವಕ್ಕೆ ಪೈಪೋಟಿ ಕಡಿಮೆ. ಆದ್ದರಿಂದ ಉಂಡೆಯಾಗಲಿ ಬರಿ ಬೀಜವಾಗಲಿ, ಬೋಳು ಮಣ್ಣು ಕಾಣುವಂತೆ ಜಾಗ ಮಾಡಿಕೊಡಲೇಬೇಕು. ಇಡೀ ಜಾಗ ಕೆರೆಯಲಾಗದಿದ್ದರೆ ಉಂಡೆ ಇಡುವಲ್ಲೆಲ್ಲ ಅಂಗೈ ಎರಡರಷ್ಟು ಅಗಲ ಹುಲ್ಲನ್ನು ಬೇರುಸಹಿತ ತೆಗೆದರೂ ಸಾಕು.

ಬೀಜ ನೋಡಿ ಉಂಡೆ ಕಟ್ಟಿ

ಉಂಡೆಯ ಪಾಕವಿಧಾನ ಎಂದು ಎಲ್ಲೆಡೆ ಓಡಾಡುವುದು ಐದು ಪಾಲು ಜೇಡಿಮಣ್ಣು, ಮೂರು ಪಾಲು ಕಾಂಪೋಸ್ಟ್, ಒಂದು ಪಾಲು ಬೀಜ. ಮಣ್ಣು ಮತ್ತು ಗೊಬ್ಬರದ ಅಳತೆ ಸರಿಯೇ. ಬೀಜದ ‘ಒಂದು ಪಾಲು’ ಮಾತ್ರ ನಂಬುವಂಥದ್ದಲ್ಲ. ಕೆಂಪು ಪಾಪಿ ಹೂವಿನ ಒಂದು ಗ್ರಾಂ ಬೀಜದಲ್ಲಿ ಎಂಟು ಹತ್ತು ಸಾವಿರ ಬೀಜಗಳಿರುತ್ತವೆ. ನೀಲಿ ಹೂ ಬಿಡುವ ಕಾರ್ನ್‌ಫ್ಲವರ್‌ನಲ್ಲಿ ಇನ್ನೂರರ ಆಸುಪಾಸು. ಸೂರ್ಯಕಾಂತಿಯಲ್ಲಿ ಇಪ್ಪತ್ತು ಮೂವತ್ತು ದಾಟುವುದಿಲ್ಲ. ಪಾಪಿ ಬೀಜವನ್ನು ಒಂದು ಪಾಲು ಹಾಕಿದರೆ ಒಂದೊಂದು ಉಂಡೆಗೂ ಸಾವಿರಕ್ಕೂ ಮೇಲ್ಪಟ್ಟು ಬೀಜ ಸೇರುತ್ತವೆ. ಮೊಳೆತರೆ ಹಸಿರು ಕೂದಲಿನಂತೆ ಎದ್ದು ಒಂದನ್ನೊಂದು ಉಸಿರುಗಟ್ಟಿಸಿ ಸಾಯುತ್ತವೆ. ಅದೇ ಒಂದು ಪಾಲು ಸೂರ್ಯಕಾಂತಿಗೆ ಅಷ್ಟು ಕೇಡಿಲ್ಲ.

ಹಾಗಾಗಿ ಎಣಿಕೆಯಿಂದ ಹೊರಡಿ. 2 ಸೆಂಟಿಮೀಟರ್ ಅಗಲದ ಉಂಡೆಯೊಂದರ ಗಾತ್ರ ಸುಮಾರು 4 ಘನ ಸೆಂಟಿಮೀಟರ್. ಅಂದರೆ ಒಂದು ಲೀಟರ್ ಕಲಸಿದ ಮಣ್ಣಿನಲ್ಲಿ ಇನ್ನೂರಕ್ಕೂ ಹೆಚ್ಚು ಉಂಡೆ ಆಗುತ್ತವೆ. ಉಂಡೆಗೆ ಐದು ಬೀಜದಂತೆ ಇನ್ನೂರು ಉಂಡೆಗೆ ಬೇಕಿರುವುದು ಸಾವಿರ ಬೀಜ. ಕಾರ್ನ್‌ಫ್ಲವರ್ ಆದರೆ 5 ಗ್ರಾಂ. ಪಾಪಿ ಆದರೆ ಗ್ರಾಂನ ಹತ್ತನೇ ಒಂದು ಭಾಗ, ಎರಡು ಬೆರಳ ನಡುವಿನ ಸಣ್ಣ ಚಿಟಿಕೆ. ಇಷ್ಟು ಸಣ್ಣ ಬೀಜವನ್ನು ನೇರ ಮಣ್ಣಿಗೆ ಹಾಕಿದರೆ ಹದವಾಗಿ ಹರಡುವುದಿಲ್ಲ. ಮೊದಲು ಒಂದು ಹಿಡಿ ಒಣ ಮರಳಿಗೆ ಬೆರೆಸಿ, ಆ ಮರಳನ್ನು ಒಣ ಮಣ್ಣಿಗೆ ಬೆರೆಸಿ, ಆಮೇಲೆ ನೀರು ಹಾಕಿ. ದೊಡ್ಡ ಬೀಜಗಳಿಗೆ ಈ ರಗಳೆಯಿಲ್ಲ, ಉಂಡೆ ಕಟ್ಟುವಾಗ ಎರಡೋ ಮೂರೋ ಬೀಜವನ್ನು ಕೈಯಿಂದಲೇ ಒಳಗೆ ಒತ್ತಿದರಾಯಿತು.

ಎಣಿಕೆಗಿಂತ ದೊಡ್ಡ ವಿಷಯ ಬೆಳಕು. ಪಾಪಿ, ಫಾಕ್ಸ್‌ಗ್ಲೋವ್, ಸ್ನ್ಯಾಪ್‌ಡ್ರ್ಯಾಗನ್ ಮುಂತಾದ ಪುಡಿಬೀಜದ ಹೂಗಳಿಗೆ ಮೊಳೆಯಲು ಬೆಳಕು ಸೋಕಬೇಕು. ಮಣ್ಣಿನೊಳಗೆ ಬೆಳಕು ಇಳಿಯುವುದು ಕೆಲವೇ ಮಿಲಿಮೀಟರ್. ಅಂಥ ಬೀಜ ಉಂಡೆಯ ನಡುವೆ ಸಿಕ್ಕಿಕೊಂಡರೆ ಉಂಡೆ ಪೂರಾ ಕರಗಿ ಹರಡುವವರೆಗೂ ಮಲಗಿಯೇ ಇರುತ್ತದೆ. ಇವಕ್ಕೆ ನನ್ನ ಮೊದಲ ಆಯ್ಕೆ ನೇರ ಬಿತ್ತನೆ. ಉಂಡೆಯೇ ಆಗಬೇಕೆಂದರೆ ಬೀಜವಿಲ್ಲದ ಉಂಡೆ ಕಟ್ಟಿ, ಇನ್ನೂ ಹಸಿಯಿರುವಾಗ ಮರಳು ಬೆರೆಸಿದ ಬೀಜದ ಮೇಲೆ ಹೊರಳಿಸಿ, ಮೇಲಿನಿಂದ ಒಣ ಜೇಡಿಪುಡಿ ಲಘುವಾಗಿ ಉದುರಿಸಿ. ರಕ್ಷಣೆ ಸ್ವಲ್ಪ ಕಡಿಮೆಯಾಗುತ್ತದೆ, ಮೊಳಕೆಗೆ ದಾರಿ ತೆರೆಯುತ್ತದೆ. ಕಾಸ್ಮೋಸ್, ಜಿನ್ನಿಯಾ, ಚೆಂಡುಹೂ, ಕ್ಯಾಲೆಂಡುಲಾ, ಕಾರ್ನ್‌ಫ್ಲವರ್, ಸೂರ್ಯಕಾಂತಿ ಇವೆಲ್ಲ ಮಣ್ಣಿನಡಿಯಲ್ಲಿ ಸರಾಗವಾಗಿ ಮೊಳೆಯುವಂಥವು. ಉಂಡೆಯೊಳಗೆ ಇವೇ ಹೊಂದುತ್ತವೆ, ಮೊದಲ ಬಾರಿ ಕೈಹಾಕುವವರು ಇವುಗಳಿಂದ ಶುರು ಮಾಡುವುದು ಒಳ್ಳೆಯದು.

ಗಟ್ಟಿ ಸಿಪ್ಪೆಯ ಬೀಜಗಳದು ಬೇರೆ ಲೆಕ್ಕ. ಶಂಖಪುಷ್ಪ, ಲುಪಿನ್ ಮೊದಲಾದ ದ್ವಿದಳ ಜಾತಿಯ ಬೀಜಗಳು ನೀರನ್ನು ಬೇಗ ಒಳಬಿಡುವುದಿಲ್ಲ. ನೇರ ಬಿತ್ತುವಾಗ ಉಪ್ಪುಕಾಗದದ ಮೇಲೆ ತಿಕ್ಕಿ ರಾತ್ರಿಯಿಡೀ ನೆನೆಸುವುದು ವಾಡಿಕೆ. ಉಂಡೆಗೆ ಹಾಕುವುದಾದರೆ ತಿಕ್ಕಿ, ಆದರೆ ನೆನೆಸಬೇಡಿ. ನೆನೆದ ಬೀಜ ಮೊಳಕೆಗೆ ಸಿದ್ಧವಾಗಿಬಿಟ್ಟಿರುತ್ತದೆ, ಉಂಡೆ ಒಣಗುವಾಗ ಅದೂ ಒಣಗಿ ಸಾಯುತ್ತದೆ.

ತಣ್ಣನೆಯ ನಾಡುಗಳ ಎಷ್ಟೋ ಕಾಡುಹೂಗಳಿಗೆ ಚಳಿಗಾಲ ಕಳೆದ ಗುರುತು ಸಿಗದೆ ಮೊಳಕೆಯೊಡೆಯುವ ಮನಸ್ಸಿಲ್ಲ. ಮಿಲ್ಕ್‌ವೀಡ್‌ನ ಹಲವು ಜಾತಿಗಳು ಹಾಗೆ, ಎಕಿನೇಷಿಯಾಕ್ಕೂ ಚಳಿ ತಾಗಿದರೆ ಒಳ್ಳೆಯದು. ಒದ್ದೆ ಮರಳಿನಲ್ಲಿ ನಾಲ್ಕಾರು ವಾರ ಫ್ರಿಜ್‌ನಲ್ಲಿಟ್ಟು ಆ ಚಳಿಯನ್ನು ನಾವೇ ಕೊಡಬಹುದು. ಆದರೆ ಹಾಗೆ ಒದ್ದೆಯಾದ ಬೀಜವನ್ನು ಒಣ ಉಂಡೆ ಮಾಡಲಾಗದು. ಚಳಿ ಬೀಳುವ ಸೀಮೆಯವರು ಶರತ್ಕಾಲದಲ್ಲೇ ಉಂಡೆ ಇಟ್ಟುಬಿಟ್ಟರೆ ಪ್ರಕೃತಿಯೇ ಆ ಕೆಲಸ ಮಾಡಿಕೊಡುತ್ತದೆ. ಚಳಿಯಿಲ್ಲದ ಸೀಮೆಯಲ್ಲಿ ಇವನ್ನು ಬಿಟ್ಟು ಅಲ್ಲಿಯದೇ ಹೂಗಳನ್ನು ಆರಿಸಿಕೊಳ್ಳಿ.

ಎಲ್ಲ ಬೀಜ ಕಲಸಿ ಒಂದೇ ಉಂಡೆಯೋ, ಜಾತಿಗೊಂದು ಉಂಡೆಯೋ? ಫುಕುವೋಕಾ ಬಗೆಬಗೆಯ ಬೀಜ ಬೆರೆಸಿ ಎಸೆದು, ಯಾವುದು ಎಲ್ಲಿ ನಿಲ್ಲಬೇಕೆಂಬುದನ್ನು ನೆಲಕ್ಕೇ ಬಿಟ್ಟವರು. ವಿಶಾಲ ಪಾಳು ಭೂಮಿಗೆ ಆ ದಾರಿ ಸೊಗಸು. ಮನೆಯ ತೋಟದ ಮಟ್ಟಿಗೆ ನಾನು ಬೇರೆ ಬೇರೆ ಉಂಡೆಗಳ ಪಕ್ಷ. ಬೇಗ ಎದ್ದು ಎತ್ತರಕ್ಕೆ ಹೋಗುವ ಕಾಸ್ಮೋಸ್ ಪಕ್ಕದಲ್ಲಿ ನಿಧಾನದ ಬಹುವಾರ್ಷಿಕ ಸಸಿ ಒಂದೇ ಗುಳಿಯಲ್ಲಿ ಬದುಕುವುದು ಅಪರೂಪ. ವಾರ್ಷಿಕಗಳ ಉಂಡೆ ಬೇರೆ, ಬಹುವಾರ್ಷಿಕಗಳ ಉಂಡೆ ಬೇರೆ ಮಾಡಿ ನೆಲದ ಮೇಲೆ ಬೆರೆಸಿ ಇಡಿ. ಮೊದಲ ವರ್ಷ ವಾರ್ಷಿಕಗಳು ಹೂ ಕೊಡುತ್ತವೆ. ಬಹುವಾರ್ಷಿಕಗಳಲ್ಲಿ ಹೆಚ್ಚಿನವು ಮೊದಲ ವರ್ಷ ಎಲೆ, ಬೇರು ಮಾಡಿಕೊಂಡು ಎರಡನೆಯ ವರ್ಷ ಅರಳುತ್ತವೆ. ಇದು ಗೊತ್ತಿಲ್ಲದೆ ‘ಏನೂ ಬರಲಿಲ್ಲ’ ಎಂದು ಅಗೆದುಹಾಕುವವರು ಬಹಳ ಜನ.

ಇನ್ನೊಂದು ಎಚ್ಚರ. ಗುಲಾಬಿ, ನೀಲಿ, ಹಸಿರು ಬಣ್ಣ ಬಳಿದಂತೆ ಕಾಣುವ ಬೀಜಗಳಿಗೆ ಸಾಮಾನ್ಯವಾಗಿ ಕೀಟನಾಶಕವನ್ನೋ ಶಿಲೀಂಧ್ರನಾಶಕವನ್ನೋ ಲೇಪಿಸಿರುತ್ತಾರೆ. ಉಂಡೆ ಕಟ್ಟುವುದು ಬರಿಗೈಯಿಂದ, ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಯಿಂದ. ಕೆಲವು ಲೇಪನಗಳು ಗಿಡದೊಳಗೆ ಸೇರಿ ಮಕರಂದದವರೆಗೂ ಹೋಗಿ ಜೇನ್ನೊಣಗಳಿಗೆ ಕೆಡುಕು ಮಾಡುತ್ತವೆ. ಜೇನು, ಚಿಟ್ಟೆಗಳಿಗಾಗಿ ಮಾಡುವ ತೋಟಕ್ಕೆ ಇಂಥ ಬೀಜ ಬೇಡವೇ ಬೇಡ.

ಕವಚ: ಜೇಡಿಮಣ್ಣೋ, ಕಾಗದವೋ, ಬರಿ ಗೊಬ್ಬರವೋ

ಹೊರಗೆ ಬಯಲಲ್ಲಿ ಇಡುವ ಉಂಡೆಗೆ ಜೇಡಿಮಣ್ಣನ್ನು ಮೀರಿಸಿದ್ದು ಇಲ್ಲ. ಅದರ ಕಣಗಳು 0.002 ಮಿಲಿಮೀಟರಿಗಿಂತ ಸಣ್ಣವು. ಒಣಗಿದಾಗ ಒತ್ತಾಗಿ ಕೂತು ಇರುವೆ, ಹಕ್ಕಿಗಳಿಗೆ ಸುಲಭವಾಗಿ ಬಿಟ್ಟುಕೊಡದ ಗಟ್ಟಿ ಸಿಪ್ಪೆಯಾಗುತ್ತವೆ, ಚೆನ್ನಾಗಿ ನೆನೆದಾಗ ಮೆತ್ತಗಾಗಿ ಬಿಡಿಸಿಕೊಳ್ಳುತ್ತವೆ. ಸಣ್ಣ ಹನಿಮಳೆಗೆ ಮೇಲ್ಮೈ ಮಾತ್ರ ತೇವವಾಗುವುದರಿಂದ ಒಳಗಿನ ಬೀಜ ಮೋಸಹೋಗುವ ಸಂಭವ ಕಡಿಮೆ. ಬರಿ ಬೀಜಕ್ಕೆ ಈ ಭಾಗ್ಯವಿಲ್ಲ, ಎರಡು ದಿನದ ತುಂತುರಿಗೆ ಮೊಳೆತು ಮೂರನೆಯ ದಿನದ ಬಿಸಿಲಿಗೆ ಬಾಡುತ್ತದೆ.

ನಿಮ್ಮ ನೆಲದ ಮಣ್ಣಿನಲ್ಲಿ ಜೇಡಿ ಎಷ್ಟಿದೆ ಎಂದು ತಿಳಿಯಲು ಒಂದು ಗಾಜಿನ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು ತುಂಬಿ ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ, ಹೂಳು ಕೆಲವು ಗಂಟೆ ತೆಗೆದುಕೊಳ್ಳುತ್ತದೆ, ಜೇಡಿ ಒಂದು ದಿನ ಕಳೆದರೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಇದಕ್ಕೂ ಸಮಯವಿಲ್ಲದಿದ್ದರೆ ಒದ್ದೆ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿಯಂತೆ ಹೊರತಳ್ಳಿ. ಪಟ್ಟಿ 5 ಸೆಂಟಿಮೀಟರ್ ಉದ್ದ ಬಂದ ಮೇಲೂ ಮುರಿಯದಿದ್ದರೆ ಆ ಮಣ್ಣು ಉಂಡೆಗೆ ಆಗುತ್ತದೆ.

ಜೇಡಿಗಳಲ್ಲೂ ಗುಣಭೇದವಿದೆ. ಕುಂಬಾರರು ಬಳಸುವ ಹಸಿಮಣ್ಣು ಮತ್ತು ಕೆಂಪು ಜೇಡಿ ಎರಡೂ ಒಳ್ಳೆಯವು. ಕೆಯೋಲಿನ್ ಎಂಬ ಬಿಳಿ ಜೇಡಿ ಹೆಚ್ಚು ಉಬ್ಬುವುದಿಲ್ಲ, ನಯವಾಗಿ ಕಟ್ಟಬರುತ್ತದೆ. ಬೆಂಟೊನೈಟ್ ನೀರು ಕುಡಿದು ಹಲವು ಪಟ್ಟು ಉಬ್ಬಿ ಲೋಳೆಯಾಗುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ. ಎರೆಮಣ್ಣಿನ ಸ್ವಭಾವವೂ ಅದೇ ಬಗೆಯದು. ಬಿರುಕಿನಿಂದ ಬೀಜ ಉದುರುತ್ತದೆ, ಇರುವೆಗೆ ಬಾಗಿಲು ತೆರೆದಂತಾಗುತ್ತದೆ. ಬೇರೆ ಮಣ್ಣು ಸಿಗದಿದ್ದರೆ ಎರೆಮಣ್ಣಿಗೆ ಮರಳು, ಜರಡಿ ಹಿಡಿದ ಗೊಬ್ಬರ ತುಸು ಹೆಚ್ಚಾಗಿ ಸೇರಿಸಿ. ಆಟಕ್ಕೆಂದು ಮಾರುವ ಬಣ್ಣದ ‘ಕ್ಲೇ’ಯನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಎಣ್ಣೆಯೋ ಪ್ಲಾಸ್ಟಿಕ್ಕೋ ಇರುವುದುಂಟು, ಮಳೆಗೆ ಕರಗುವುದಿಲ್ಲ.

ಕಾಗದದ ಉಂಡೆ ನೋಡಲು ಚೆಂದ, ಕೈ ಕೊಳೆಯಾಗದು. ಹಳೆಯ ಪತ್ರಿಕೆ ಅಥವಾ ಮೊಟ್ಟೆಯ ಟ್ರೇ ಹರಿದು ರಾತ್ರಿ ನೆನೆಸಿ, ರುಬ್ಬಿ, ನೀರು ಹಿಂಡಿ, ಆಮೇಲೆ ಬೀಜ ಬೆರೆಸಿ ಅಚ್ಚಿಗೆ ಒತ್ತುವುದು ಕ್ರಮ. ಮಿನುಗುವ, ಪ್ಲಾಸ್ಟಿಕ್ ಹೊದಿಕೆಯ ಕಾಗದ, ಯಂತ್ರದಿಂದ ಬರುವ ರಸೀದಿ ಬೇಡ. ಇದರ ತೊಡಕು ಬಯಲಿಗೆ ಬಂದ ಮೇಲೆ ಕಾಣುತ್ತದೆ. ಕಾಗದ ಹಗುರ, ಗಾಳಿಗೂ ನೀರಿಗೂ ಸರಿದುಹೋಗುತ್ತದೆ. ಬೇಗ ನೆನೆದು ಬೇಗ ಒಣಗುತ್ತದೆ, ಒಣಗಿದಾಗ ನಾರು ಬಿಗಿದು ಎಳೆಬೇರನ್ನು ಹಿಡಿದಿಡುತ್ತದೆ. ನಿತ್ಯ ನೀರು ಹಾಕುವ ಕುಂಡಕ್ಕೆ, ಬಾಲ್ಕನಿಗೆ, ಯಾರಿಗಾದರೂ ಕೊಡುವ ಉಡುಗೊರೆಗೆ ಕಾಗದ ಸರಿ. ಪಾಳು ಜಾಗಕ್ಕೆ ಖಂಡಿತ ಜೇಡಿಯೇ.

ಬರಿ ಕಾಂಪೋಸ್ಟ್, ತೆಂಗಿನ ನಾರಿನ ಪುಡಿಯಿಂದ ಕಟ್ಟಿದ ಉಂಡೆ ಮೊದಲ ನೀರಿಗೇ ಬಿಚ್ಚಿಕೊಳ್ಳುತ್ತದೆ. ರಕ್ಷಣೆ ಬೇಡದ ಕಡೆ, ಬೇಗ ಮೊಳೆಯುವ ಬೀಜಕ್ಕೆ ಇದನ್ನು ಬಳಸಬಹುದು. ಆದರೆ ಅಂಥ ಜಾಗಕ್ಕೆ ಉಂಡೆಯೇ ಏಕೆ ಎಂಬ ಮೊದಲಿನ ಪ್ರಶ್ನೆಗೇ ಮತ್ತೆ ಬಂದು ನಿಲ್ಲುತ್ತೇವೆ.

ಒಳಗೆ ಏನು ಸೇರಿಸಬೇಕು, ಏನು ಬೇಡ

ಜರಡಿ ಹಿಡಿದ ಹಳೆಯ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಸಾಕು. ಅದರ ಮುಖ್ಯ ಕೆಲಸ ಉಂಡೆಯನ್ನು ಸಡಿಲಗೊಳಿಸಿ ಬೇರಿಗೆ ದಾರಿ ಮಾಡುವುದು, ತೇವ ಹಿಡಿದಿಡುವುದು. ಪೂರಾ ಕೊಳೆಯದ ಹಸಿ ಸಗಣಿ ಬಿಸಿಯೇರಿ ಬೀಜ ಕೆಡಿಸುತ್ತದೆ, ಜೊತೆಗೆ ಕಳೆಬೀಜವನ್ನೂ ತರುತ್ತದೆ. ರಾಸಾಯನಿಕ ಗೊಬ್ಬರ ಎಳೆಬೇರನ್ನು ಸುಡುತ್ತದೆ, ಸುತ್ತಲಿನ ಹುಲ್ಲನ್ನು ಕೊಬ್ಬಿಸುತ್ತದೆ.

ಖಾರದ ಪುಡಿ ಬೆರೆಸಿದರೆ ಹಕ್ಕಿ ತಿನ್ನುವುದಿಲ್ಲ ಎಂದು ಹೇಳುವುದುಂಟು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಇಲಿ, ಅಳಿಲುಗಳಿಗೆ ಉರಿಯುತ್ತದೆ, ಹಕ್ಕಿಗಳಿಗೆ ಅದರ ಉರಿ ತಾಗುವುದೇ ಇಲ್ಲ. ಕಾಡಿನಲ್ಲಿ ಮೆಣಸಿನ ಬೀಜ ಹರಡುವುದೂ ಹಕ್ಕಿಗಳೇ. ಇಲಿಯ ಕಾಟವಿದ್ದರೆ ಚಿಟಿಕೆ ಸೇರಿಸಿ, ಹಕ್ಕಿಗೆ ಮಣ್ಣಿನ ಗಟ್ಟಿತನವೇ ತಡೆ.

ಹಸಿ ಉಂಡೆಯೋ, ಒಣಗಿಸಿದ್ದೋ

ಒಣ ಪದಾರ್ಥಗಳನ್ನೆಲ್ಲ ಮೊದಲು ಬೆರೆಸಿ, ನೀರನ್ನು ಚಿಮುಕಿಸುತ್ತಾ ಕಲಸಿ. ಉಂಡೆ ಕಟ್ಟಿ ಒತ್ತಿದರೆ ಅಂಚು ಸೀಳಬಾರದು, ಅಂಗೈಗೆ ಕೆಸರು ಅಂಟಬಾರದು. ಅದೇ ಹದ. 1.5ರಿಂದ 2.5 ಸೆಂಟಿಮೀಟರ್ ಅಗಲ ಸಾಕು. ಅದಕ್ಕಿಂತ ದೊಡ್ಡದಾದರೆ ಒಳಭಾಗ ನಿಧಾನವಾಗಿ ಒಣಗಿ ಬೀಜ ಒಳಗೇ ಮೊಳೆಯುತ್ತದೆ. ಬಿಗಿಯಾಗಿ ಹಿಸುಕಿ ಗುಂಡಾಗಿಸಬೇಡಿ, ಅಂಗೈಗಳ ನಡುವೆ ಹಗುರವಾಗಿ ಹೊರಳಿಸಿದರೆ ಸಾಕು. ಬೀಜವನ್ನು ಅಗಲದ ತಟ್ಟೆಯಲ್ಲಿ ಹಾಕಿ, ತುಂತುರು ನೀರು ಹೊಡೆಯುತ್ತಾ ಜೇಡಿಪುಡಿ ಉದುರಿಸಿ ತಟ್ಟೆಯನ್ನು ಸುತ್ತಾಡಿಸುವ ವಿಧಾನವೂ ಇದೆ. ನೀರು ಕಡಿಮೆ ಬಳಕೆಯಾಗುವುದರಿಂದ ದೊಡ್ಡ, ದುಂಡು ಬೀಜಗಳಿಗೆ ಇದು ಇನ್ನೂ ಸುರಕ್ಷಿತ.

ಕಟ್ಟಿದ ದಿನವೇ ನೆಡಲು ಸಾಧ್ಯವಿದ್ದು, ನೆಲ ತೇವವಾಗಿದ್ದರೆ ಹಸಿ ಉಂಡೆಯೇ ಮೇಲು. ಬೀಜ ಒಮ್ಮೆ ನೆನೆದು ಮತ್ತೆ ಒಣಗುವ ಸಂಕಟವನ್ನು ಅನುಭವಿಸಬೇಕಿಲ್ಲ. ಮಳೆಗೆ ಕಾಯಬೇಕಾದರೆ, ದೂರ ಒಯ್ಯಬೇಕಾದರೆ, ಎಸೆಯಬೇಕಾದರೆ ಒಣಗಿಸಿ. ಗಾಳಿಯಾಡುವ ನೆರಳಿನಲ್ಲಿ, ಒಂದಕ್ಕೊಂದು ತಾಗದಂತೆ ಹರಡಿ, ನಡುವೆ ಒಮ್ಮೆ ಮಗುಚಿದರೆ ಒಂದೆರಡು ದಿನದಲ್ಲಿ ಒಣಗುತ್ತವೆ. ಅವಸರಕ್ಕೆ ಸುಡುಬಿಸಿಲಿಗೋ ಒಲೆಯ ಶಾಖಕ್ಕೋ ಇಡಬೇಡಿ. ಮೂರು ದಿನವಾದರೂ ಒಳಗೆ ತಂಪು ಉಳಿದಿದ್ದರೆ ಒಂದನ್ನು ಒಡೆದು ನೋಡಿ. ಬಿಳಿ ಮೊಳಕೆ ಕಂಡರೆ ಉಳಿದವನ್ನು ಅಂದೇ ನೆಟ್ಟುಬಿಡಿ.

ಒಣಗಿದ ಉಂಡೆಗಳನ್ನು ಕಾಗದದ ಅಥವಾ ಬಟ್ಟೆಯ ಚೀಲದಲ್ಲಿ ತಂಪು ಕತ್ತಲೆಯಲ್ಲಿಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಳಿದ ತೇವ ಬೂಷ್ಟು ತರಿಸುತ್ತದೆ. ಕೆಲವು ವಾರಗಳೊಳಗೆ ಬಳಸುವುದು ಉತ್ತಮ. ಬಹಳ ದಿನ ಇಡಬೇಕೆಂದಿದ್ದರೆ ಬೀಜವನ್ನು ಬೀಜವಾಗಿಯೇ ಇಟ್ಟುಕೊಂಡು ಬೇಕಾದಾಗ ಉಂಡೆ ಕಟ್ಟಿ.

ಹೊರಗೆ ಒಯ್ಯುವ ಮೊದಲು ಎರಡು ಪರೀಕ್ಷೆ. ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಒಂದನ್ನು ಬೀಳಿಸಿ. ಪುಡಿಯಾದರೆ ಜೇಡಿ ಸಾಲದು, ತುಸು ತೊಪ್ಪೆಯಾದರೆ ಇನ್ನೂ ಹಸಿ. ಇನ್ನೊಂದನ್ನು ತಟ್ಟೆಯ ನೀರಲ್ಲಿ ಅರ್ಧ ಮುಳುಗುವಂತೆ ಇಡಿ. ಒಂದು ದಿನದೊಳಗೆ ಮೆತ್ತಗಾಗಿ ಕುಸಿಯಲು ಶುರುವಾಗಬೇಕು. ಕಲ್ಲಿನಂತೆ ಕೂತಿದ್ದರೆ ಜೇಡಿ ಹೆಚ್ಚಾಯಿತು, ಮುಂದಿನ ಕಲಸುವಿಕೆಗೆ ಗೊಬ್ಬರ, ಮರಳು ಹೆಚ್ಚಿಸಿ.

ಎಸೆಯುವುದೋ, ಇಡುವುದೋ

ಕೈಯಿಂದ ಇಡಲು ಸಾಧ್ಯವಿರುವ ಕಡೆ ಎಸೆಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎಸೆಯುವ ಖುಷಿ ದೊಡ್ಡದು, ಮಕ್ಕಳಿಗಂತೂ ಹಬ್ಬ. ಆದರೆ ಉಂಡೆ ಎಲ್ಲಿ ಬಿತ್ತೆಂದು ಕಾಣುವುದಿಲ್ಲ, ಹುಲ್ಲಿನ ಮೇಲೆ ಬಿತ್ತೋ ಕಲ್ಲಿನ ಮೇಲೆ ಬಿತ್ತೋ ತಿಳಿಯದು. ಇಡುವಾಗ ಬೋಳು ಮಣ್ಣು ಆರಿಸಿ, ಉಂಡೆಯ ಮೂರನೇ ಒಂದು ಭಾಗ ನೆಲದೊಳಗೆ ಕೂರುವಂತೆ ಒತ್ತಬಹುದು. ಆ ಒಂದು ಒತ್ತುವಿಕೆಯಿಂದ ನೆಲದ ತೇವ ಉಂಡೆಗೆ ಏರುತ್ತದೆ, ಬೇರು ಸೀದಾ ಮಣ್ಣಿಗೆ ಇಳಿಯುತ್ತದೆ. ಪೂರಾ ಹೂಳಬೇಡಿ. ಇಳಿಜಾರಿನಲ್ಲಿ ಉಂಡೆ ಉರುಳದಂತೆ ಮೇಲ್ಬದಿಗೆ ಚಿಕ್ಕ ಗೀರು ಕೊರೆದು ಅದರಲ್ಲಿ ಕೂರಿಸಿ. ಚದರ ಮೀಟರಿಗೆ ಎಂಟು ಹತ್ತು ಉಂಡೆ ಬೇಕಾದಷ್ಟಾಯಿತು.

ಕಾಲದ ಆಯ್ಕೆ ಸರಳ: ಮಳೆ ನಿಯಮಿತವಾಗಿ ಹಿಡಿದುಕೊಳ್ಳುವ ಹೊತ್ತಿಗೆ ಉಂಡೆ ನೆಲದಲ್ಲಿರಬೇಕು. ಮಳೆಗಾಲವಿರುವ ಸೀಮೆಯಲ್ಲಿ ಅದರ ಆರಂಭ, ನಾಲ್ಕು ಋತುವಿನ ತಣ್ಣನೆಯ ಸೀಮೆಯಲ್ಲಿ ಶರತ್ಕಾಲ ಅಥವಾ ಹಿಮ ಕರಗಿದ ಮೇಲಿನ ವಸಂತ. ಒಮ್ಮೆ ಉಂಡೆ ಬಿಚ್ಚಿಕೊಂಡು ಹಸಿರು ಕಂಡಿತೆಂದರೆ ಅದರ ಕಾವಲು ಮುಗಿಯಿತು. ಆಮೇಲೆ ಮಳೆ ಕೈಕೊಟ್ಟರೆ ನೀರು ನೀವೇ ಕೊಡಬೇಕು.

ಯಾವ ಬೀಜ ಎಲ್ಲಿಗೆ ಬೇಡ

ಉಂಡೆ ಬೇಲಿಯಾಚೆಗೂ ಹೋಗುವ ವಸ್ತುವಾದ್ದರಿಂದ ಇಲ್ಲಿ ಹೊಣೆ ಹೆಚ್ಚು. ಅಮೆರಿಕದ ಉಷ್ಣವಲಯದ ಲಂಟಾನ ಅಲಂಕಾರದ ಗಿಡವಾಗಿ ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾಕ್ಕೆ ಹೋಗಿ ಕಾಡನ್ನೇ ನುಂಗಿದೆ. ಯುರೋಪಿನ ಹುಲ್ಲುಗಾವಲಿಗೆ ಸಹಜವಾದ ಬಿಳಿ ಆಕ್ಸ್‌ಐ ಡೇಸಿ ಉತ್ತರ ಅಮೆರಿಕದಲ್ಲಿ ಹಟಮಾರಿ ಕಳೆ. ಒಂದೆಡೆಯ ಕಾಡುಹೂ ಇನ್ನೊಂದೆಡೆಯ ಪಿಡುಗು. ‘ಕಾಡುಹೂಗಳ ಮಿಶ್ರಣ’ ಎಂದಷ್ಟೇ ಬರೆದು ಒಳಗಿನ ಜಾತಿಗಳ ಹೆಸರು ಕೊಡದ ಪೊಟ್ಟಣವನ್ನು ಬಯಲಿಗೆ ಬಳಸಬೇಡಿ. ನಿಮ್ಮ ಸೀಮೆಯಲ್ಲೇ ತಾನಾಗಿ ಬೆಳೆಯುವ ಗಿಡಗಳಿಂದ, ಕಾಯಿ ಮಾಗಿ ಕಂದಾದ ಮೇಲೆ, ಗಿಡದಲ್ಲಿ ಬಹುಪಾಲು ಉಳಿಸಿ ಸ್ವಲ್ಪವೇ ಬೀಜ ಕೊಯ್ದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ಮೂಲ. ತುಂಬೆಯಂಥ ಪುಟ್ಟ ಗಿಡವೂ ಜೇನು ಚಿಟ್ಟೆಗಳನ್ನು ಎಷ್ಟು ಕರೆಯುತ್ತದೆಂದು ನೋಡಿದವರಿಗೆ ದೂರದ ಬೀಜದ ಆಸೆ ಕಡಿಮೆಯಾಗುತ್ತದೆ. ಸಂರಕ್ಷಿತ ಕಾಡು, ಹುಲ್ಲುಗಾವಲುಗಳಿಗೆ ಒಳ್ಳೆಯ ಉದ್ದೇಶದಿಂದಲೂ ಉಂಡೆ ಎಸೆಯಬೇಡಿ. ಬೇರೆಯವರ ಜಾಗವಾದರೆ ಕೇಳಿ ಇಡಿ.

ಇಟ್ಟ ಮೇಲೆ

ಮಾಡಿದ ಉಂಡೆಗಳಲ್ಲಿ ನಾಲ್ಕನ್ನು ತೆಗೆದಿಟ್ಟು ಮನೆಯ ಟ್ರೇಯಲ್ಲಿ ಒದ್ದೆ ಮಣ್ಣಿನ ಮೇಲಿಡಿ. ಬಯಲಲ್ಲಿ ಇಟ್ಟ ದಿನವೇ ಇಲ್ಲೂ ಇಡಬೇಕು. ಟ್ರೇಯಲ್ಲಿ ಮೊಳೆತು ಬಯಲಲ್ಲಿ ಮೊಳೆಯದಿದ್ದರೆ ತೊಂದರೆ ಜಾಗದ್ದು: ಹುಲ್ಲು, ನೀರು ಇಲ್ಲವೇ ತಿನ್ನುವ ಪ್ರಾಣಿ. ಎರಡೂ ಕಡೆ ಮೊಳೆಯದಿದ್ದರೆ ಬೀಜ ಹಳೆಯದು, ಅಥವಾ ಉಂಡೆಯ ಹದ ಕೆಟ್ಟಿದೆ. ಯಾವುದನ್ನು ತಿದ್ದಬೇಕೆಂದು ಊಹಿಸಬೇಕಾಗಿಲ್ಲ. ಅದೇ ಟ್ರೇ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ನಿಮ್ಮ ಹೂವಿನ ಎಳೆಸಸಿ ಹೇಗಿರುತ್ತದೆ ಎಂದು ತೋರಿಸುತ್ತದೆ. ಬಯಲಿನ ಕಳೆ ಕೀಳುವಾಗ ಅದರ ಒಂದು ಸಸಿಯನ್ನು ಕೈಯಲ್ಲಿ ಹಿಡಿದು ಹೋಗಿ, ಹೋಲಿಸಿ ಕೀಳಿ. ಒಂದು ಉಂಡೆಯಲ್ಲಿ ಐದಾರು ಸಸಿ ಎದ್ದಿದ್ದರೆ ನಾಲ್ಕೆಲೆ ಬಿಡುವ ಹೊತ್ತಿಗೆ ಗಟ್ಟಿಯಾದ ಎರಡನ್ನು ಉಳಿಸಿ, ಉಳಿದವನ್ನು ಕೀಳದೆ ಬುಡದಲ್ಲಿ ಕತ್ತರಿಸಿ. ಕಿತ್ತರೆ ಹೆಣೆದುಕೊಂಡ ಬೇರುಗಳ ಜೊತೆ ಉಳಿಯಬೇಕಾದ ಸಸಿಯೂ ಅಲುಗಾಡುತ್ತದೆ.